ದ್ವೀಪಗಳ ಪಾಠಶಾಲೆಯಲ್ಲಿ ವ್ಯಾಲೇಸ್ ಮತ್ತು ಅಲಿ



ಬೆನ್ನಿಗೊಂದು ಚೀಲ ಏರಿಸಿಕೊಂಡು ಪರದೇಶದ ಪಟ್ಟಣ, ಕಾಡು, ದ್ವೀಪಗಳನ್ನು ಸುತ್ತಿ ಬರುವವರ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅದೆಲ್ಲ ಹಣವಂತರಿಗೆ, ದೊಡ್ಡ ಕಾಲೇಜಿನಲ್ಲಿ ಓದಿದವರಿಗೆ ಎಂದು ನಿಮ್ಮಲ್ಲಿ ಕೆಲವರಾದರೂ ಅಂದುಕೊಂಡಿರಬಹುದು. ಹಾಗಾದರೆ ಬಡತನದಿಂದ ಹದಿನಾಲ್ಕರ ಹೊತ್ತಿಗೆ ಶಾಲೆ ಬಿಟ್ಟ ಒಬ್ಬ ಹುಡುಗನ ಕಥೆ ಕೇಳಿ. ಮುಂದೆ ಜಗತ್ತಿನ ಹೆಸರಾಂತ ವಿಜ್ಞಾನಿಗಳ ಸಾಲಿನಲ್ಲಿ ನಿಂತ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಅವರೇ ಆ ಹುಡುಗ. ಅವರ ಜೊತೆಯಲ್ಲಿದ್ದ ಅಲಿ ಎಂಬ ಇನ್ನೊಬ್ಬ ಹುಡುಗನ ಪರಿಚಯವೂ ನಿಮಗೆ ಆಗಬೇಕು.

ವ್ಯಾಲೇಸ್ ಹುಟ್ಟಿದ್ದು 1823ರ ಜನವರಿ 8ರಂದು, ವೇಲ್ಸ್ ನಾಡಿನ ಅಸ್ಕ್ ಎಂಬ ಊರಿನ ಬಳಿ. ತಂದೆ ಹಣ ಕಳೆದುಕೊಂಡಿದ್ದರಿಂದ ಮನೆಯಲ್ಲಿ ಕಷ್ಟವಿತ್ತು. ಶಾಲೆ ಬಿಟ್ಟ ಹುಡುಗ ಅಣ್ಣನ ಜೊತೆ ಭೂಮಿ ಅಳೆಯುವ ಕೆಲಸಕ್ಕೆ ಸೇರಿದ. ಸರಪಳಿ ಹಿಡಿದು ಹೊಲ, ಗುಡ್ಡ ಸುತ್ತುವಾಗ ದಾರಿಯ ಗಿಡಗಳ ಹೆಸರು ತಿಳಿಯುವ ಆಸೆ ಹುಟ್ಟಿತು. ಕಡಿಮೆ ಬೆಲೆಯ ಪುಸ್ತಕ ಕೊಂಡು ತಾನೇ ಸಸ್ಯಶಾಸ್ತ್ರ ಕಲಿತ. 1844ರಲ್ಲಿ ಲೆಸ್ಟರ್ ನಗರದ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಅಲ್ಲಿ ಅವರಿಗೆ ಎರಡು ಸಂಪತ್ತು ದೊರೆತವು. ಒಂದು, ಊರಿನ ಗ್ರಂಥಾಲಯ. ಇನ್ನೊಂದು, ಜೀರುಂಡೆ ಸಂಗ್ರಹಿಸುತ್ತಿದ್ದ ಹೆನ್ರಿ ಬೇಟ್ಸ್ ಎಂಬ ಗೆಳೆಯ.

1848ರಲ್ಲಿ ಇಬ್ಬರೂ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿಗೆ ಹೊರಟರು. ಸರಕಾರದ ಸಂಬಳವಿರಲಿಲ್ಲ. ಹಿಡಿದ ಕೀಟ, ಪಕ್ಷಿಗಳ ಮಾದರಿಗಳನ್ನು ಲಂಡನ್ನಿನಲ್ಲಿ ಮಾರಿ ಬಂದ ಹಣವೇ ಅವರ ಖರ್ಚಿಗೆ ಆಧಾರ. ಸಹಾಯಕ್ಕೆಂದು ಅಲ್ಲಿಗೆ ಬಂದಿದ್ದ ತಮ್ಮ ಹರ್ಬರ್ಟ್ 1851ರಲ್ಲಿ ಹಳದಿ ಜ್ವರದಿಂದ ತೀರಿಕೊಂಡ. 1852ರ ಆಗಸ್ಟ್‌ನಲ್ಲಿ, ಊರಿಗೆ ಮರಳುವಾಗ ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕೂಡಿಸಿದ ಸಂಗ್ರಹ, ಟಿಪ್ಪಣಿ ಪುಸ್ತಕಗಳ ಬಹುಪಾಲು ಕಣ್ಣೆದುರೇ ಸುಟ್ಟುಹೋಯಿತು. ಹತ್ತು ದಿನ ತೆರೆದ ದೋಣಿಯಲ್ಲಿ ಬಿಸಿಲಿಗೆ ಬೆಂದ ಮೇಲೆ ಬೇರೊಂದು ಹಡಗು ಅವರನ್ನು ಕಾಪಾಡಿತು.

ಓದುಗರೇ, ನಾವಾಗಿದ್ದರೆ ಮನೆಯಲ್ಲೇ ಉಳಿಯುತ್ತಿದ್ದೆವೋ ಏನೋ. ವ್ಯಾಲೇಸ್ ಎರಡು ವರ್ಷದೊಳಗೆ ಮತ್ತೆ ಹೊರಟರು. ಈ ಸಲ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ನೆರವಿನಿಂದ ಪ್ರಯಾಣದ ಖರ್ಚು ಉಳಿಯಿತು. 1854ರ ಏಪ್ರಿಲ್‌ನಲ್ಲಿ ಅವರು ಸಿಂಗಾಪುರದಲ್ಲಿ ಇಳಿದರು. ಇಂದಿನ ಸಿಂಗಾಪುರ, ಮಲೇಷ್ಯಾ, ಇಂಡೊನೇಷ್ಯಾಗಳನ್ನೊಳಗೊಂಡ ಮಲಯ ದ್ವೀಪಸಮೂಹವೇ ಮುಂದಿನ ಎಂಟು ವರ್ಷ ಅವರ ಪಾಠಶಾಲೆಯಾಯಿತು.

ಸಿಂಗಾಪುರ ಆಗಲೇ ಚೀನೀಯರು, ಮಲಯರು, ಅರಬರು, ಭಾರತೀಯರು ಕೂಡಿ ಬಾಳುತ್ತಿದ್ದ ವ್ಯಾಪಾರದ ಪಟ್ಟಣ. ಪಟ್ಟಣದಾಚೆ ಬುಕಿತ್ ತಿಮಾ ಎಂಬಲ್ಲಿ ಮರ ಕಡಿಯುವವರು ಬಿಟ್ಟುಹೋದ ದಿಮ್ಮಿಗಳ ಮೇಲೆ ವ್ಯಾಲೇಸ್ ರಾಶಿ ರಾಶಿ ಜೀರುಂಡೆಗಳನ್ನು ಹಿಡಿದರು. ಅಲ್ಲಿಂದ ಬೋರ್ನಿಯೊ ದ್ವೀಪದ ಸರವಾಕ್ ಕಾಡಿಗೆ ಹೋದರು. ಕಲ್ಲಿದ್ದಲು ಗಣಿಗಾಗಿ ಕಾಡು ಕಡಿಯುತ್ತಿದ್ದ ಕೂಲಿಗಳಿಗೆ ಒಂದು ಹುಳುವಿಗೆ ಒಂದು ಸೆಂಟಿನಂತೆ ಕೊಟ್ಟು ಕೀಟಗಳನ್ನು ತರಿಸಿಕೊಂಡರು. ಅದೇ ಕಾಡಿನಲ್ಲಿ ಅವರು ಒರಾಂಗುಟಾನ್‌ಗಳನ್ನು ಗುಂಡಿಟ್ಟು ಕೊಂದದ್ದೂ ನಿಜ. ಹಾಗೆ ತಾಯಿ ಸತ್ತ ಮರಿಯೊಂದಕ್ಕೆ ಗಂಜಿ ತಿಳಿ ಕುಡಿಸಿ ಮಗುವಿನಂತೆ ಸಾಕಿದರು. ಮೂರು ತಿಂಗಳೊಳಗೆ ಅದೂ ಸತ್ತಿತು. ಆ ಕಾಲದ ವಿಜ್ಞಾನ ಹಾಗೆ ನಡೆಯುತ್ತಿತ್ತು. ಇಂದು ಒರಾಂಗುಟಾನ್ ಅಳಿವಿನಂಚಿಗೆ ಬಂದಿರುವಾಗ ಇದನ್ನು ಓದಿದರೆ ಮನಸ್ಸು ನೋಯುತ್ತದೆ. ದೊಡ್ಡವರ ಜೀವನ ಓದುವಾಗ ಇಂತಹ ಸಂಗತಿಗಳನ್ನೂ ಮರೆಮಾಚಬಾರದು.

1855ರ ಕೊನೆಯ ಹೊತ್ತಿಗೆ ಸರವಾಕ್‌ನಲ್ಲೇ ಅಲಿ ಅವರ ಬಳಿ ಕೆಲಸಕ್ಕೆ ಸೇರಿದ. ಸುಮಾರು ಹದಿನೈದು ವರ್ಷದ ಮಲಯ ಹುಡುಗ. ಅಡುಗೆ ಮಾಡಲು, ಮಲಯ ಭಾಷೆ ರೂಢಿಮಾಡಿಸಲು ಬಂದವನು ಬೇಗನೆ ಪಕ್ಷಿಗಳನ್ನು ಹೊಡೆಯುವುದು, ಅವುಗಳ ಚರ್ಮ ಸುಲಿದು ಕೆಡದಂತೆ ಇಡುವುದು ಕಲಿತ. ದೋಣಿ ನಡೆಸಬಲ್ಲ. ಯಜಮಾನರಿಗೆ ಜ್ವರ ಬಂದರೆ ಆರೈಕೆ ಮಾಡಬಲ್ಲ. ಹೊಸದಾಗಿ ಬಂದವರಿಗೆ ಕೆಲಸ ಕಲಿಸಬಲ್ಲ. ವಿದ್ಯಾರ್ಥಿ ಮೇಷ್ಟ್ರಾದ!

1856ರಲ್ಲಿ ಬಾಲಿಯಿಂದ ಲೊಂಬೊಕ್ ದ್ವೀಪಕ್ಕೆ ದಾಟಿದಾಗ ವ್ಯಾಲೇಸ್ ಒಂದು ವಿಚಿತ್ರ ಕಂಡರು. ಎರಡರ ನಡುವೆ ಇರುವುದು ಕಿರಿದಾದ ಜಲಸಂಧಿ. ಆದರೆ ಬಾಲಿಯಲ್ಲಿ ಏಷ್ಯಾದ ಮರಕುಟುಕ, ಕುಟ್ರು ಹಕ್ಕಿಗಳಿದ್ದರೆ, ಲೊಂಬೊಕ್‌ನಲ್ಲಿ ಆಸ್ಟ್ರೇಲಿಯಾ ಕಡೆಯ ಕಾಕಟೂ ಗಿಳಿಗಳು! ಅಲ್ಲಿನ ಸಮುದ್ರ ಬಹಳ ಆಳ. ಆದ್ದರಿಂದ ಎರಡು ಕಡೆಯ ಜೀವಿಗಳು ಬೆರೆಯಲಿಲ್ಲ. ಪ್ರಾಣಿಲೋಕದ ಈ ಗಡಿಯನ್ನು ಇಂದಿಗೂ ವ್ಯಾಲೇಸ್ ರೇಖೆ ಎಂದೇ ಕರೆಯುತ್ತಾರೆ.

ಮುಂದೆ ಮಕಾಸ್ಸರ್ ಬಂದರಿನಿಂದ ವ್ಯಾಪಾರಿಗಳ ಹಾಯಿಹಡಗು ಹತ್ತಿ ಆರು ದ್ವೀಪಗಳಿಗೆ ಹೋದರು. ಇಲ್ಲಿ ಆರು ಎಂಬುದು ಸಂಖ್ಯೆಯಲ್ಲ, ಆ ದ್ವೀಪಗಳ ಹೆಸರು. ಅಲ್ಲಿ ಸ್ವರ್ಗಪಕ್ಷಿಗಳನ್ನು ಕಾಡಿನಲ್ಲೇ ಕಂಡರು. 1858ರ ಆರಂಭದಲ್ಲಿ ಲವಂಗಕ್ಕೆ ಹೆಸರಾದ ಟರ್ನಾಟೆ ದ್ವೀಪವನ್ನು ಕೇಂದ್ರ ಮಾಡಿಕೊಂಡಿದ್ದಾಗ, ಚಳಿಜ್ವರದಿಂದ ನಡುಗುತ್ತಾ ಮಲಗಿದ್ದವರಿಗೆ ಒಂದು ವಿಚಾರ ಹೊಳೆಯಿತು. ಹುಟ್ಟುವ ಜೀವಿಗಳಲ್ಲಿ ಬಹುಪಾಲು ಸಾಯುತ್ತವೆ. ಪರಿಸರಕ್ಕೆ ಹೊಂದಿದವು ಉಳಿಯುತ್ತವೆ. ಜೀವಜಾತಿಗಳು ಹೀಗೆಯೇ ಬದಲಾಗುತ್ತವೆ. ಜ್ವರ ಇಳಿದ ಮೇಲೆ ಅದನ್ನು ಬರೆದು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಅವರಿಗೆ ಕಳುಹಿಸಿದರು. ಡಾರ್ವಿನ್ ಸುಮಾರು ಇಪ್ಪತ್ತು ವರ್ಷದಿಂದ ಅದೇ ವಿಚಾರದಲ್ಲಿ ತೊಡಗಿದ್ದರು. ಅವರ ಗೆಳೆಯರು 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಓದಿಸಿದರು. ದೂರದ ದ್ವೀಪದಲ್ಲಿದ್ದ ವ್ಯಾಲೇಸ್‌ರನ್ನು ಯಾರೂ ಕೇಳಲಿಲ್ಲ. ಆದರೂ ಅವರು ಅಸೂಯೆಪಡಲಿಲ್ಲ. ತಮ್ಮ 1869ರ ಪ್ರವಾಸ ಗ್ರಂಥವನ್ನು ಡಾರ್ವಿನ್ ಅವರಿಗೇ ಅರ್ಪಿಸಿದರು.

ಅದೇ 1858ರ ಅಕ್ಟೋಬರ್‌ನಲ್ಲಿ ಬಚಾನ್ ದ್ವೀಪದ ಕಾಡಿನಿಂದ ಬಂದ ಅಲಿಯ ಸೊಂಟದಲ್ಲಿ ಯಾರೂ ಅರಿಯದ ಹಕ್ಕಿಯೊಂದು ತೂಗುತ್ತಿತ್ತು. ಎದೆಯಲ್ಲಿ ಹೊಳೆಯುವ ಹಸಿರು, ಎರಡೂ ಭುಜಗಳಿಂದ ಹೊರಟ ಉದ್ದನೆಯ ಬಿಳಿ ಗರಿಗಳು. ಅದು ವಿಜ್ಞಾನಕ್ಕೇ ಹೊಸದಾದ ಸ್ವರ್ಗಪಕ್ಷಿ. ಲಂಡನ್ನಿನಲ್ಲಿ ಅದಕ್ಕೆ ವ್ಯಾಲೇಸ್ ಹೆಸರನ್ನಿಟ್ಟರು. ತಂದವನು ಅಲಿ, ಹೆಸರು ವ್ಯಾಲೇಸರದ್ದು. ಇದನ್ನು ಸ್ವಲ್ಪ ಯೋಚಿಸಿ ನೋಡಿ.

ಎಂಟು ವರ್ಷಗಳಲ್ಲಿ ಸುಮಾರು 14,000 ಮೈಲಿ ಸುತ್ತಾಟ. 1,25,660 ಮಾದರಿಗಳ ಸಂಗ್ರಹ. ಅದರಲ್ಲಿ ಪಕ್ಷಿಗಳೇ 8,050. ಅವುಗಳಲ್ಲಿ ಅಲಿಯ ಕೈಯಿಂದ ಬಂದವು ಬಹಳ. 1862ರಲ್ಲಿ ಸಿಂಗಾಪುರದಲ್ಲಿ ಇಬ್ಬರೂ ಅಗಲಿದರು. ವ್ಯಾಲೇಸ್ ಅವನಿಗೆ ಹಣ, ಎರಡು ಜೋಡುನಳಿಗೆ ಬಂದೂಕು, ಸಾಮಾನುಗಳನ್ನು ಕೊಟ್ಟು ಅವನದೊಂದು ಫೋಟೋ ತೆಗೆಸಿಕೊಂಡರು. ತಾವು ಜೀವಂತ ಸ್ವರ್ಗಪಕ್ಷಿಗಳೆರಡನ್ನು ಪಂಜರದಲ್ಲಿಟ್ಟುಕೊಂಡು ಹೊರಟು, ದಾರಿಯಲ್ಲಿ ನಮ್ಮ ಮುಂಬಯಿಯಲ್ಲಿ ಒಂದು ವಾರ ತಂಗಿ ಹಕ್ಕಿಗಳಿಗೆ ಬಾಳೆಹಣ್ಣು ಕೊಂಡರು. ಹಡಗಿನಲ್ಲಿ ಅವುಗಳಿಗಾಗಿ ಜಿರಲೆ ಹಿಡಿದರು. ಹಕ್ಕಿಗಳೆರಡೂ ಜೀವಸಹಿತ ಲಂಡನ್ ಸೇರಿದವು.

ಮುಂದೆ ವ್ಯಾಲೇಸ್‌ಗೆ ಖಾಯಂ ಕೆಲಸ ಸಿಗಲೇ ಇಲ್ಲ. ಪುಸ್ತಕ ಬರೆದು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ಸಂಸಾರ ನಡೆಸಿದರು. 1881ರಲ್ಲಿ ಡಾರ್ವಿನ್ ಅವರ ಪ್ರಯತ್ನದಿಂದ ಸರಕಾರದ ಪಿಂಚಣಿ ದೊರೆಯಿತು. 1913ರ ನವೆಂಬರ್ 7ರಂದು ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ 1905ರ ಆತ್ಮಕಥೆಯಲ್ಲಿ ಅಲಿಯನ್ನು ನೆನೆದು, ಆ ಹಳೆಯ ಫೋಟೋವನ್ನು ಅಚ್ಚು ಹಾಕಿಸಿದ್ದರು.

ಅಲಿ ಏನಾದರು? 1907ರಲ್ಲಿ ಟರ್ನಾಟೆಗೆ ಹೋಗಿದ್ದ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಥಾಮಸ್ ಬಾರ್ಬರ್ ಅವರ ಬಳಿಗೆ ಮುದುಕರೊಬ್ಬರು ಬಂದು, ತಮ್ಮ ಹೆಸರು ಅಲಿ ವ್ಯಾಲೇಸ್ ಎಂದು ಪರಿಚಯ ಹೇಳಿಕೊಂಡರಂತೆ. ಜೊತೆಗೂಡಿ ದುಡಿದವರ ಹೆಸರನ್ನು ಅವರು ಸುಮಾರು ನಲವತ್ತೈದು ವರ್ಷಗಳ ನಂತರವೂ ತಮ್ಮ ಹೆಸರಿನೊಡನೆ ಉಳಿಸಿಕೊಂಡಿದ್ದರು.

ವಿದ್ಯಾರ್ಥಿಗಳೇ, ಶಾಲೆ ಬಿಟ್ಟರೂ ನಡೆಯುತ್ತದೆ ಎಂದು ಹೇಳಲು ನಾನಿದನ್ನು ಬರೆಯಲಿಲ್ಲ. ಶಾಲೆ ತಪ್ಪಿದವನು ಗ್ರಂಥಾಲಯವನ್ನು ಬಿಡಲಿಲ್ಲ ಎಂಬುದನ್ನು ನೋಡಿ. ನನ್ನ ತರಗತಿಯಿಂದ ಗ್ಯಾರೇಜಿಗೆ, ಅಂಗಡಿಗೆ ಹೋದ ಮಕ್ಕಳ ಮುಖಗಳು ಇದನ್ನು ಬರೆಯುವಾಗ ಕಣ್ಮುಂದೆ ಬಂದವು. ನಿಮಗೆ ಗೊತ್ತಿರುವ ಅಂಥ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನಿಮ್ಮ ಊರಿನ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಮುಂದೆ ನೀವು ಏನನ್ನಾದರೂ ಸಾಧಿಸಿದರೆ, ನಿಮಗೆ ದೋಣಿ ನಡೆಸಿಕೊಟ್ಟ, ಜ್ವರದಲ್ಲಿ ನೀರು ಕೊಟ್ಟ ಅಲಿಯ ಹೆಸರನ್ನು ಬರೆದಿಡಲು ಮರೆಯಬೇಡಿ.