ರಕ್ತಕ್ಕೆ ಬೇಕಾದ ಜೀವಸತ್ವ: ಯೆಲ್ಲಾಪ್ರಗಡ ಸುಬ್ಬರಾವ್

ಮಕ್ಕಳೇ, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ನೀವು ನುಂಗಿರುತ್ತೀರಿ. ಅದರಲ್ಲಿ ಕಬ್ಬಿಣದ ಜೊತೆಗೆ ಫೋಲಿಕ್ ಆಮ್ಲವೆಂಬ ಜೀವಸತ್ವವೂ ಇದೆ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ನಾಯಕರು ಭಾರತೀಯರೆಂಬುದು ನಿಮಗೆ ಗೊತ್ತೇ? ಅವರೇ ಯೆಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ 1895ರ ಜನವರಿ 12ರಂದು ಇಂದಿನ ಆಂಧ್ರಪ್ರದೇಶದ ಭೀಮವರಂನಲ್ಲಿ ಜನಿಸಿದರು. ಮನೆಯಲ್ಲಿ ಬಡತನ. ಮೆಟ್ರಿಕ್ ಪರೀಕ್ಷೆಯಲ್ಲಿ ಅವರು ಪಾಸಾದದ್ದು ಮೂರನೆಯ ಪ್ರಯತ್ನದಲ್ಲಿ! ಮುಂದೆ ಮದ್ರಾಸಿನಲ್ಲಿ ವೈದ್ಯಕೀಯ ಓದಿದರು. ಆ ದಿನಗಳಲ್ಲಿ ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಕುಟುಂಬವನ್ನು ಕಾಡಿತು. ಈ ರೋಗ ಬಂದವರ ಕರುಳು ಆಹಾರದ ಸತ್ವವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ರಕ್ತಹೀನತೆ ಉಂಟಾಗುತ್ತದೆ. ಸಹೋದರರನ್ನು ಕಳೆದುಕೊಂಡ ಸುಬ್ಬರಾವ್, ರೋಗಕ್ಕೆ ಮದ್ದು ಹುಡುಕುವ ಹಂಬಲದಿಂದ ಅಮೆರಿಕದ ಬಾಸ್ಟನ್ ನಗರಕ್ಕೆ ಹೋದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿ ಕೆಲಸ ಮಾಡುತ್ತಾ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿತರು.

ನಮ್ಮ ರಕ್ತ ತಯಾರಾಗುವುದು ಎಲ್ಲಿ? ಮೂಳೆಗಳ ಒಳಗಿರುವ ಮೆತ್ತನೆಯ ಅಸ್ಥಿಮಜ್ಜೆಯಲ್ಲಿ. ಅಲ್ಲಿನ ಕಾಂಡಕೋಶಗಳು ವಿಭಜನೆ ಹೊಂದಿ ಕೆಂಪು ರಕ್ತಕಣ, ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣ ಮತ್ತು ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುತಟ್ಟೆಗಳಾಗುತ್ತವೆ. ವಯಸ್ಕರಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ! ಕೋಶ ಎರಡಾಗುವ ಮೊದಲು ಅದರ ಡಿ.ಎನ್.ಎ. ಎರಡು ಪಟ್ಟಾಗಬೇಕು. ಇದಕ್ಕೆ ಫೋಲಿಕ್ ಆಮ್ಲ ಬೇಕೇ ಬೇಕು.

1940ರಲ್ಲಿ ಸುಬ್ಬರಾವ್ ಲೆಡರ್ಲೆ ಎಂಬ ಔಷಧ ಸಂಸ್ಥೆಯನ್ನು ಸೇರಿದರು. 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಅದನ್ನು ಕೊಟ್ಟಾಗ ಸ್ಪ್ರೂ ರೋಗಿಗಳ ರಕ್ತಹೀನತೆ ಕಡಿಮೆಯಾಯಿತು.

ಅವರ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ರಕ್ತದ ಕ್ಯಾನ್ಸರ್ ಬಂದಾಗ ಮಜ್ಜೆಯಲ್ಲಿ ಕೆಟ್ಟ ಬಿಳಿ ಕಣಗಳು ಮಿತಿಮೀರಿ ಹೆಚ್ಚುತ್ತವೆ. ಅವುಗಳಿಗೂ ಫೋಲಿಕ್ ಆಮ್ಲ ಬೇಕು. ಅದನ್ನೇ ಹೋಲುವ, ಆದರೆ ಅದರ ಕೆಲಸ ಮಾಡದ ಪದಾರ್ಥ ಕೊಟ್ಟರೆ? ಕಣಗಳು ಮೋಸಹೋಗುತ್ತವೆ, ವಿಭಜನೆ ನಿಲ್ಲುತ್ತದೆ! ಸುಬ್ಬರಾವ್ ತಂಡ ತಯಾರಿಸಿದ ಇಂಥ ಅಮಿನಾಪ್ಟೆರಿನ್ ಔಷಧವನ್ನು 1947ರ ಕೊನೆಯಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಮಕ್ಕಳಿಗೆ ಕೊಟ್ಟರು. ಕೆಲವು ಮಕ್ಕಳು ಚೇತರಿಸಿಕೊಂಡರು. ರೋಗ ಮತ್ತೆ ಮರಳಿತು, ನಿಜ. ಆದರೆ ರಕ್ತದ ಕ್ಯಾನ್ಸರನ್ನು ಔಷಧದಿಂದ ತಡೆಯಬಹುದೆಂಬ ಭರವಸೆ ಮೂಡಿತು. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

1948ರ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನಿಧನರಾದರು. 1995ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ಮಕ್ಕಳೇ, ಹಸಿರು ಸೊಪ್ಪು ಮತ್ತು ಕಾಳುಗಳಲ್ಲಿಯೂ ಈ ಜೀವಸತ್ವವಿದೆ. ಬಿಸಿಯೂಟದ ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸುವ ಮುನ್ನ ನಿಮ್ಮ ಅಸ್ಥಿಮಜ್ಜೆಯನ್ನೂ, ಸುಬ್ಬರಾವ್ ಅವರನ್ನೂ ನೆನೆಯುವಿರಲ್ಲವೇ?