ಹಳೆಯ ಪಲ್ಲಕ್ಕಿಯೊಳಗಿನ ದ್ವೀಪ

ಕಲ್ಕತ್ತೆಯ ಜೊಡಾಸಾಂಕೊದ ಠಾಕೂರರ ಮನೆಯಲ್ಲಿ, ವರಾಂಡದ ಒಂದು ಮೂಲೆಗೆ ಅಜ್ಜಿಯ ಕಾಲದ ಪಲ್ಲಕ್ಕಿಯೊಂದು ಬಿದ್ದಿತ್ತು. ಬಣ್ಣ ಮಾಸಿ, ಮೆತ್ತೆ ಹರಿದು, ಮನೆಮಂದಿಗೆಲ್ಲ ಬೇಡವಾಗಿದ್ದ ಆ ಪಲ್ಲಕ್ಕಿಯ ಬಾಗಿಲು ಮುಚ್ಚಿಕೊಂಡು ಬಾಲಕನೊಬ್ಬ ಮಧ್ಯಾಹ್ನಗಳನ್ನು ಕಳೆಯುತ್ತಿದ್ದ. ಅವನ ಪಾಲಿಗೆ ಅದು ನಡುಗಡಲಿನ ದ್ವೀಪ. ಕಾಣದ ಬೋಯಿಗಳು ಹೆಗಲು ಕೊಟ್ಟರೆ ಅದು ಕಾಡುಮೇಡುಗಳನ್ನೂ ದಾಟುತ್ತಿತ್ತು.

1861ರ ಮೇ 7ರಂದು ಜನಿಸಿದ ರವೀಂದ್ರನಾಥ ಠಾಕೂರರ ಬಾಲ್ಯ ಆಳುಗಳ ಸುಪರ್ದಿಯಲ್ಲಿ ಕಳೆಯಿತು. ಶ್ಯಾಮನೆಂಬ ಆಳು ಹುಡುಗನನ್ನು ಒಂದೆಡೆ ಕೂರಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು ಹೋಗಿಬಿಡುತ್ತಿದ್ದ. ಸೀತೆ ಗೆರೆ ದಾಟಿ ಪಟ್ಟ ಪಾಡು ಹುಡುಗನಿಗೆ ಗೊತ್ತಿತ್ತು, ಕದಲುತ್ತಿರಲಿಲ್ಲ. ಕಿಟಕಿಯಾಚೆಯ ಕೊಳ, ಅದರ ದಡದ ಆಲದ ಮರ, ಇಷ್ಟೇ ಅವನ ಜಗತ್ತು. ಶಾಲೆಗಳು ಒಂದಾದ ಮೇಲೊಂದು ಬದಲಾದವು, ಯಾವುದೂ ಹಿಡಿಸಲಿಲ್ಲ.

ನಾಲ್ವತ್ತನೆಯ ವಯಸ್ಸಿನಲ್ಲಿ, 1901ರ ಡಿಸೆಂಬರಿನಲ್ಲಿ, ಅವರೇ ಶಾಂತಿನಿಕೇತನದಲ್ಲಿ ಶಾಲೆ ತೆರೆದರು. ಇದ್ದ ವಿದ್ಯಾರ್ಥಿಗಳು ಐವರು, ಅವರಲ್ಲೊಬ್ಬ ಸ್ವಂತ ಮಗ ರಥೀಂದ್ರನಾಥ. ಮರದಡಿಯ ಪಾಠವೆಂದರೆ ಸುಖದ ಬದುಕೆಂದು ಭಾವಿಸಬೇಕಿಲ್ಲ. ನಸುಕಿನಲ್ಲೇ ಏಳಬೇಕಿತ್ತು, ಬರಿಗಾಲಿನಲ್ಲಿ ನಡೆಯಬೇಕಿತ್ತು. ಆದರೆ ಹಾಡು, ನಾಟಕ, ಅಲೆದಾಟಗಳಿಗೆ ದಿನಚರಿಯಲ್ಲಿ ಪಾಠದಷ್ಟೇ ಮರ್ಯಾದೆಯಿತ್ತು. ಶಾಲೆಯ ಖರ್ಚಿಗಾಗಿ ಪತ್ನಿ ಮೃಣಾಲಿನಿ ದೇವಿ ಒಡವೆಗಳನ್ನು ಕೊಟ್ಟರು. ಮರುವರ್ಷವೇ ಅವರು ತೀರಿಕೊಂಡರು. 1903ರಲ್ಲಿ ಮಗಳು ರೇಣುಕಾ. 1907ರಲ್ಲಿ ಕಿರಿಯ ಮಗ ಶಮೀಂದ್ರನಾಥ, ಆಶ್ರಮದ ಮಕ್ಕಳನ್ನು ಕೂಡಿಸಿ ಋತು ಉತ್ಸವ ನಡೆಸಿದ ಅದೇ ವರ್ಷ, ಹನ್ನೊಂದು ತುಂಬುವ ಮೊದಲೇ ಕಾಲರಾಕ್ಕೆ ಬಲಿಯಾದ. ಶಾಲೆ ಮುಚ್ಚಲಿಲ್ಲ.

1911ರಲ್ಲಿ ಬರೆದ 'ಡಾಕ್‌ಘರ್' ನಾಟಕದಲ್ಲಿ ಅಮಲ್ ಎಂಬ ರೋಗಿ ಬಾಲಕ ಬರುತ್ತಾನೆ. ಹೊರಗೆ ಕಾಲಿಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಕಿಟಕಿಯಲ್ಲಿ ಕುಳಿತೇ ಅವನು ಮೊಸರು ಮಾರುವವನೊಡನೆ, ಕಾವಲುಗಾರನೊಡನೆ ಮಾತಿಗಿಳಿಯುತ್ತಾನೆ. ಕಾಣದ ಊರುಗಳಿಗೆಲ್ಲ ಹೋಗಿಬರುತ್ತಾನೆ. ರಾಜನಿಂದ ಬರಬೇಕಾದ ಕಾಗದಕ್ಕೆ ಕಾಯುತ್ತಾನೆ. ಸೀಮೆಸುಣ್ಣದ ಗೆರೆಯೊಳಗೆ ಕುಳಿತಿದ್ದ ಹುಡುಗ ಇಲ್ಲಿ ಮತ್ತೆ ಕಾಣುತ್ತಾನೆ, ಅಗಲಿದ ಮಗನೂ ಇದ್ದಿರಬಹುದು. ಎರಡು ವರ್ಷಗಳ ನಂತರ ದೊರೆತ ನೊಬೆಲ್ ಕೀರ್ತಿಯ ಮುಂದೆ ಈ ಪುಟ್ಟ ನಾಟಕ ಹಿಂದೆ ಸರಿದದ್ದು ನ್ಯಾಯವಲ್ಲ.

ಅರವತ್ತು ದಾಟಿದ ಮೇಲೆ ಕವಿಗೆ ಇನ್ನೊಂದು ಆಟ ಸಿಕ್ಕಿತು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಗೆರೆಗಳಿಂದ ಕೂಡಿಸುತ್ತ ಹೋದಂತೆ ಹಕ್ಕಿಗಳು, ವಿಚಿತ್ರ ಪ್ರಾಣಿಗಳು ಮೂಡತೊಡಗಿದವು. ಚಿತ್ರಕಲೆಯ ಕ್ರಮಬದ್ಧ ಶಿಕ್ಷಣವಿಲ್ಲದ ಅವರ ಚಿತ್ರಗಳ ಪ್ರದರ್ಶನ 1930ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಬಿಟ್ಟುಹೋದ ಚಿತ್ರಗಳ ಸಂಖ್ಯೆ 2000ಕ್ಕೂ ಹೆಚ್ಚು.

1941ರ ಆಗಸ್ಟ್ 7ರಂದು, ಹುಟ್ಟಿದ ಮನೆಯಲ್ಲೇ ರವೀಂದ್ರರು ಕೊನೆಯುಸಿರೆಳೆದರು. ಮರುವರ್ಷದ ಜುಲೈ 18ರಂದು, ನಾಜಿಗಳು ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಕೇರಿಯಲ್ಲಿ ವೈದ್ಯ ಯಾನುಷ್ ಕೊರ್ಚಾಕ್ ಅವರ ಅನಾಥಾಲಯದ ಮಕ್ಕಳು 'ಡಾಕ್‌ಘರ್' ಆಡಿದರು. ಮೂರು ವಾರ ಕಳೆಯುವಷ್ಟರಲ್ಲಿ ಆ ಮಕ್ಕಳನ್ನೂ ಕೊರ್ಚಾಕರನ್ನೂ ಟ್ರೆಬ್ಲಿಂಕಾದ ರೈಲಿಗೆ ಹತ್ತಿಸಲಾಯಿತು.