ಬೋಧನ ಯಂತ್ರವೂ ಬಿ. ಎಫ್. ಸ್ಕಿನ್ನರರೂ

ಮನಶ್ಶಾಸ್ತ್ರವನ್ನು ಓದುವ ನಮ್ಮಂಥ ವಿದ್ಯಾರ್ಥಿಗಳಿಗೆ ಸ್ಕಿನ್ನರ್ ಎಂದೊಡನೆ ನೆನಪಾಗುವುದು ಪೆಟ್ಟಿಗೆಯೊಳಗೆ ಸನ್ನೆಯನ್ನೊತ್ತುವ ಇಲಿ ಮತ್ತು ಕಾಳಿಗಾಗಿ ಕುಕ್ಕುವ ಪಾರಿವಾಳ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ವಿಜ್ಞಾನಿಯ ಬಾಳಿನಲ್ಲಿ ಶಾಲೆಯ ಮಕ್ಕಳಿಗೆ ಸೇರಿದ ಒಂದು ಅಧ್ಯಾಯವೂ ಉಂಟು. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಬರ್ಹಸ್ ಫ್ರೆಡರಿಕ್ ಸ್ಕಿನ್ನರರು 1904ನೆಯ ಇಸವಿ ಮಾರ್ಚ್ 20ರಂದು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಸಸ್ಕ್ವೆಹಾನ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ವಕೀಲರು. ಬಾಲಕನ ಕೈ ಎಂದೂ ಸುಮ್ಮನಿರುತ್ತಿರಲಿಲ್ಲ. ತೆಪ್ಪ, ಬಂಡಿ, ಕವಣೆ, ಗಾಳಿಪಟ ಹೀಗೆ ಏನನ್ನಾದರೂ ಮಾಡುತ್ತಲೇ ಇರಬೇಕು. ಹ್ಯಾಮಿಲ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ 1926ರಲ್ಲಿ ಪದವೀಧರರಾದರು. ಸಾಹಿತಿಯಾಗಬೇಕೆಂದು ಹೆಣಗಿದರಾದರೂ ಅದು ಕೈಗೂಡಲಿಲ್ಲ. ಬಳಿಕ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ 1931ರಲ್ಲಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಮಿನ್ನೆಸೋಟ, ಇಂಡಿಯಾನಗಳಲ್ಲಿ ಅಧ್ಯಾಪನ ನಡೆಸಿ 1948ರಲ್ಲಿ ಹಾರ್ವರ್ಡಿಗೇ ಪ್ರಾಧ್ಯಾಪಕರಾಗಿ ಮರಳಿದರು. ಮಾಡಿದ ಕೆಲಸಕ್ಕೆ ಒಡನೆಯೇ ಹಿತವಾದ ಫಲ ದೊರೆತರೆ ಆ ನಡೆವಳಿಕೆ ಬಲಗೊಳ್ಳುತ್ತದೆ ಎಂಬುದೇ ಅವರ ಸಂಶೋಧನೆಯ ಸಾರ.

1953ರ ನವೆಂಬರಿನಲ್ಲಿ ಒಂದು ದಿನ ಅವರು ನಾಲ್ಕನೆಯ ತರಗತಿಯಲ್ಲಿದ್ದ ತಮ್ಮ ಕಿರಿಯ ಮಗಳ ಶಾಲೆಗೆ ಹೋಗಿ ಗಣಿತದ ಪಾಠವನ್ನು ನೋಡುತ್ತ ಹಿಂದೆ ಕುಳಿತರು. ಲೆಕ್ಕ ಮಾಡಿ ಮುಗಿಸಿದ ಮಕ್ಕಳು ಕೆಲಸವಿಲ್ಲದೆ ಕಾದಿದ್ದರು; ತಿಳಿಯದ ಮಕ್ಕಳು ತಿಳಿಯದೆಯೇ ಮುಂದಿನ ಲೆಕ್ಕಕ್ಕೆ ಸಾಗಬೇಕಾಗಿತ್ತು. ತಮ್ಮ ಉತ್ತರ ಸರಿಯೋ ತಪ್ಪೋ ಎಂಬುದು ಯಾರಿಗೂ ಆಗಲೇ ಗೊತ್ತಾಗುತ್ತಿರಲಿಲ್ಲ. ಇದು ಆ ಉಪಾಧ್ಯಾಯರ ದೋಷವಲ್ಲ, ಒಬ್ಬರು ಒಂದು ತರಗತಿಯ ಮಕ್ಕಳಿಗೆಲ್ಲ ಏಕಕಾಲದಲ್ಲಿ ಕಲಿಸಬೇಕಾದ ಏರ್ಪಾಟಿನ ದೋಷ ಎಂದು ಸ್ಕಿನ್ನರರು ಕಂಡುಕೊಂಡರು.

ಕೆಲವೇ ದಿನಗಳಲ್ಲಿ ಅವರು ಒಂದು ಯಂತ್ರವನ್ನು ರಚಿಸಿದರು. ಪೆಟ್ಟಿಗೆಯ ಕಿಂಡಿಯಲ್ಲಿ ಒಂದು ಲೆಕ್ಕ ಕಾಣುತ್ತದೆ. ಮಗು ಅಂಕಿಗಳನ್ನು ಸರಿಸಿ ಉತ್ತರವನ್ನು ಕೂಡಿಸಿ ಗುಬುಟನ್ನು ತಿರುಗಿಸಬೇಕು. ಸರಿಯಾಗಿದ್ದರೆ ಗುಬುಟು ಸಲೀಸಾಗಿ ತಿರುಗಿ ಮುಂದಿನ ಲೆಕ್ಕ ಬರುತ್ತದೆ. ತಪ್ಪಾಗಿದ್ದರೆ ತಿರುಗುವುದೇ ಇಲ್ಲ. ಬೈಗುಳವಿಲ್ಲ, ನಗೆಪಾಟಲಿಲ್ಲ; ಮತ್ತೆ ಯತ್ನಿಸಬಹುದು. ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಸಿಡ್ನಿ ಪ್ರೆಸ್ಸಿ ಎಂಬವರು 1920ರ ದಶಕದಲ್ಲೇ ಇಂಥ ಯಂತ್ರವನ್ನು ಮಾಡಿದ್ದರು. ಅದು ಮುಖ್ಯವಾಗಿ ಕಲಿತದ್ದನ್ನು ಪರೀಕ್ಷಿಸುವ ಯಂತ್ರ. ಸ್ಕಿನ್ನರರದು ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿಯೊಂದು ಮಗುವನ್ನೂ ಅದರದೇ ವೇಗದಲ್ಲಿ ಹತ್ತಿಸುವ ಯಂತ್ರ.

1960ರಲ್ಲಿ ವರ್ಜೀನಿಯದ ರೋನೋಕ್ ಪಟ್ಟಣದ ಸಾರ್ವಜನಿಕ ಶಾಲೆಯೊಂದರಲ್ಲಿ ಈ ಕ್ರಮದ ಪ್ರಯೋಗ ನಡೆಯಿತು. ಎಂಟನೆಯ ತರಗತಿಯ ಮಕ್ಕಳು ಒಂಬತ್ತನೆಯ ತರಗತಿಯ ಬೀಜಗಣಿತವನ್ನು ಅರ್ಧ ವರ್ಷದಲ್ಲಿ ಮುಗಿಸಿದರು. ಆದರೂ ಯಂತ್ರಕ್ಕೆ ಯೋಗ ಕೂಡಿಬರಲಿಲ್ಲ. ಮಾದರಿಗಳನ್ನು ತಯಾರಿಸಿದ ಐ.ಬಿ.ಎಂ. ಕಂಪನಿ ಕೆಲಸವನ್ನು ಕೈಬಿಟ್ಟಿತು. ಅವಸರದಲ್ಲಿ ಬರೆದ ಪಾಠಗಳು ಮಕ್ಕಳಿಗೆ ಬೇಸರ ತಂದವು. ಉಪಾಧ್ಯಾಯರ ಸ್ಥಾನಕ್ಕೆ ಯಂತ್ರ ಬಂದೀತೆಂಬ ಭಯವೂ ಹಬ್ಬಿತು. ಉತ್ತರ ತಿದ್ದುವ ದುಡಿಮೆ ಯಂತ್ರಕ್ಕಿರಲಿ, ಉಪಾಧ್ಯಾಯರು ಮಕ್ಕಳೊಡನೆ ಬೆರೆಯಲಿ ಎಂಬುದು ಸ್ಕಿನ್ನರರ ಅಭಿಪ್ರಾಯವಾಗಿತ್ತು. 1968ರಲ್ಲಿ 'ದಿ ಟೆಕ್ನಾಲಜಿ ಆಫ್ ಟೀಚಿಂಗ್' ಎಂಬ ಗ್ರಂಥದಲ್ಲಿ ತಮ್ಮ ವಿಚಾರಗಳನ್ನು ಒಟ್ಟುಗೂಡಿಸಿದರು. 1990ನೆಯ ಆಗಸ್ಟ್ 18ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅದಕ್ಕೆ ಎಂಟು ದಿನ ಮೊದಲು ಕೂಡ ಸಭೆಯಲ್ಲಿ ನಿಂತು ಭಾಷಣ ಮಾಡಿದ್ದರು.

ಪಾರಿವಾಳವನ್ನು ಪಳಗಿಸಿದ ರೀತಿಯಲ್ಲಿ ಮನುಷ್ಯನ ಮಗುವಿಗೆ ಕಲಿಸಬಹುದೇ ಎಂದು ಅನೇಕರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪಣೆಯಲ್ಲಿ ಹುರುಳಿದೆ. ಮಗುವಿನ ಪ್ರಶ್ನೆಗೆ ಗುಬುಟು ಉತ್ತರ ಕೊಡಲಾರದು. ಆದರೆ ಸ್ಕಿನ್ನರರು ಕಂಡ ಕೊರತೆ ಸುಳ್ಳಲ್ಲವೆಂದು ನಾನು ಬಲ್ಲೆ. ನನ್ನ ತಂದೆತಾಯಿಗಳು ಓದುಬರಹ ಬಾರದವರು. ಮನೆಯಲ್ಲಿ ನಾನು ಮಾಡಿದ ಲೆಕ್ಕ ಸರಿಯೇ ತಪ್ಪೇ ಎಂದು ಹೇಳುವವರಿರಲಿಲ್ಲ. ತಿದ್ದಿದ ಪುಸ್ತಕ ಕೈಗೆ ಬರುವ ಹೊತ್ತಿಗೆ ಪಾಠ ಬಹುದೂರ ಹೋಗಿರುತ್ತಿತ್ತು. ಮೊದಲ ಮೂರು ತರಗತಿಗಳಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ನಲಿ-ಕಲಿ ಪದ್ಧತಿಯಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಗೆ ಸ್ಫೂರ್ತಿ ಆಂಧ್ರದ ಋಷಿವ್ಯಾಲಿಯೇ ಹೊರತು ಹಾರ್ವರ್ಡ್ ಅಲ್ಲ. ಯಂತ್ರವೂ ಇಲ್ಲ, ಇದ್ದುದು ರಟ್ಟಿನ ಕಾರ್ಡುಗಳು ಮತ್ತು ಗೋಡೆಯ ಮೇಲಿನ ಕಲಿಕಾ ಏಣಿ. ಆದರೂ ಪ್ರತಿಯೊಬ್ಬರೂ ತಮ್ಮ ಮೆಟ್ಟಿಲಿನಲ್ಲಿ ನಿಂತು ತಮ್ಮ ವೇಗದಲ್ಲಿ ಹತ್ತುತ್ತಿದ್ದೆವು.

ನಮ್ಮಲ್ಲಿ ಅನೇಕರು ಮುಂದೆ ಉಪಾಧ್ಯಾಯರಾಗುವವರು. ಈಗ ಶಾಲೆಗಳಿಗೆ ಕಂಪ್ಯೂಟರುಗಳೂ ಟ್ಯಾಬ್‌ಗಳೂ ಬರುತ್ತಿವೆ. ಅವು ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಸ್ಕಿನ್ನರರು ಅಂದು ತರಗತಿಯ ಹಿಂದೆ ಕುಳಿತು ಕೇಳಿಕೊಂಡದ್ದೇ: ಹಿಂದುಳಿದ ಮಗುವಿಗೆ ಈ ಹೊತ್ತು ಉತ್ತರ ಸಿಕ್ಕಿತೇ? ಅದು ಸಿಗದಿದ್ದರೆ ಎಷ್ಟು ಬೆಲೆಯ ಯಂತ್ರವಾದರೂ ಬರಿಯ ಪೆಟ್ಟಿಗೆಯೇ ಸರಿ.